ತಿಮಿಂಗಿಲಕ್ಕೆ ಕಾಲುಗಳಿದ್ದ ಕಾಲ

ಕಡಲತೀರದ ಧರ್ಮಕೇಂದ್ರಗಳಲ್ಲಿ ಬೆಳೆದವರಿಗೆ ತಿಮಿಂಗಿಲವೆಂದೊಡನೆ ನೆನಪಾಗುವವನು ಪ್ರವಾದಿ ಯೋನ. ಯೋನನ ಗ್ರಂಥದಲ್ಲಿ 'ತಿಮಿಂಗಿಲ' ಎಂಬ ಮಾತೇ ಇಲ್ಲ, 'ದೊಡ್ಡ ಮೀನು' ಎಂದಷ್ಟೇ ಇದೆ ಎಂಬುದನ್ನು ಹೇಳಿದರೆ ಅನೇಕರಿಗೆ ಆಶ್ಚರ್ಯವಾಗುತ್ತದೆ. ಅದಕ್ಕಿಂತ ದೊಡ್ಡ ಆಶ್ಚರ್ಯವೆಂದರೆ ತಿಮಿಂಗಿಲವು ಮೀನೇ ಅಲ್ಲ. ಅದಕ್ಕೆ ಕಿವಿರುಗಳಿಲ್ಲ, ನಮ್ಮಂತೆ ಶ್ವಾಸಕೋಶಗಳಿವೆ. ಉಸಿರಿಗಾಗಿ ಅದು ನೀರಿನ ಮೇಲಕ್ಕೆ ಬರಲೇಬೇಕು. ಅದರ ರಕ್ತ ಬಿಸಿ. ಅದು ಮರಿ ಹಾಕಿ ಹಾಲೂಡುತ್ತದೆ. ಕಾರವಾರದ ಕಡಲಿನಲ್ಲಿ ದೋಣಿಗಳ ಬಳಿ ಜಿಗಿಯುವ ಡಾಲ್ಫಿನ್ನುಗಳೂ ಇದೇ ಕುಲಕ್ಕೆ ಸೇರಿದವು. ಅವುಗಳ ಈಜನ್ನು ಗಮನಿಸಿದವರಿಗೆ ಒಂದು ವ್ಯತ್ಯಾಸ ತಿಳಿದಿರಬಹುದು. ಬಂಗುಡೆಯಾಗಲಿ ಅಂಜಲವಾಗಲಿ ಬಾಲವನ್ನು ಎಡಕ್ಕೂ ಬಲಕ್ಕೂ ಬೀಸುತ್ತದೆ. ಡಾಲ್ಫಿನ್ ಮೇಲಕ್ಕೂ ಕೆಳಕ್ಕೂ ಬೀಸುತ್ತದೆ. ಓಡುವ ನಾಯಿಯ ಬೆನ್ನು ಬಾಗುವುದೂ ಹೀಗೆಯೇ, ಮೇಲಕ್ಕೆ ಮತ್ತು ಕೆಳಕ್ಕೆ.

ನೀರಿನಲ್ಲಿ ಹುಟ್ಟಿ ನೀರಿನಲ್ಲಿಯೇ ಸಾಯುವ ಪ್ರಾಣಿಯೊಂದು ಭೂಮಿಯ ಮೇಲೆ ಓಡಾಡುವ ಪ್ರಾಣಿಯಂತೆ ಉಸಿರಾಡುವುದೇಕೆ, ಹಾಲೂಡುವುದೇಕೆ, ಬೆನ್ನು ಬಾಗಿಸುವುದೇಕೆ? ಈ ಪ್ರಶ್ನೆಗೆ ಉತ್ತರ ಹುಡುಕಲು ಹೊರಟವರು ಕಂಡುಕೊಂಡ ಸಂಗತಿಗಳೇ ಜೀವವಿಕಾಸಕ್ಕೆ ಇಂದು ದೊರೆತಿರುವ ಅತ್ಯಂತ ಸ್ಪಷ್ಟವಾದ ಸಾಕ್ಷ್ಯಗಳಲ್ಲಿ ಒಂದಾಗಿವೆ. ಆ ಸಾಕ್ಷ್ಯದ ಬಹುಭಾಗ ದೊರೆತದ್ದು ಭಾರತ ಮತ್ತು ಪಾಕಿಸ್ತಾನದ ನೆಲದಲ್ಲಿ ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ತಿಳಿಯದು.

ಈ ವಿಷಯವನ್ನು ಈ ಅಂಕಣದಲ್ಲಿ ಎತ್ತಿಕೊಳ್ಳಲು ಕಾರಣವಿದೆ. ನಮ್ಮ ಮನೆಗಳ ಮಕ್ಕಳು ಶಾಲೆಯಲ್ಲಿ ಒಂದನ್ನು ಕಲಿಯುತ್ತಾರೆ. ಯಾವುದೋ ಪ್ರಾರ್ಥನಾ ಕೂಟದಲ್ಲಿಯೋ ಯಾರೋ ಕಳುಹಿಸಿದ ವಿಡಿಯೋದಲ್ಲಿಯೋ "ವಿಕಾಸವಾದವೆಂಬುದು ದೇವದ್ರೋಹಿಗಳ ಸುಳ್ಳು" ಎಂಬ ಮಾತನ್ನು ಕೇಳುತ್ತಾರೆ. ಮನೆಗೆ ಬಂದು ಅಪ್ಪನನ್ನೋ ಅಮ್ಮನನ್ನೋ ವಿಚಾರಿಸಿದರೆ "ಅದೆಲ್ಲ ನಿನಗೇಕೆ, ಪರೀಕ್ಷೆಗೆ ಓದಿಕೋ" ಎಂಬ ಉತ್ತರ ಸಿಗುತ್ತದೆ. ಆ ಉತ್ತರದಿಂದ ಮಗು ಸುಮ್ಮನಾಗಬಹುದು, ಆದರೆ ಅದರ ಮನಸ್ಸು ಸುಮ್ಮನಿರುವುದಿಲ್ಲ. ವಿಜ್ಞಾನ ಮತ್ತು ವಿಶ್ವಾಸ ಇವೆರಡರಲ್ಲಿ ಒಂದನ್ನು ಕೈಬಿಡಲೇಬೇಕೆಂದು ಅದು ತನ್ನಷ್ಟಕ್ಕೆ ತೀರ್ಮಾನಿಸಿಕೊಂಡರೆ, ಪದವಿ ಓದುವ ವೇಳೆಗೆ ಕೈಬಿಡುವುದು ಯಾವುದನ್ನು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. 2023ರಲ್ಲಿ ಎನ್‌ಸಿಇಆರ್‌ಟಿ ತನ್ನ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಿಂದ ಜೀವವಿಕಾಸದ ಭಾಗವನ್ನು ಕೈಬಿಟ್ಟಾಗ ಈ ಚರ್ಚೆ ಮತ್ತೆ ಮೇಲೆದ್ದಿತು. ಹನ್ನೆರಡನೆಯ ತರಗತಿಯ ಜೀವಶಾಸ್ತ್ರದಲ್ಲಿ ಪಾಠವನ್ನು ಉಳಿಸಿದರೇನೋ ಸರಿ. ಆದರೆ ಹತ್ತರ ನಂತರ ವಾಣಿಜ್ಯವನ್ನೋ ಕಲೆಯನ್ನೋ ಆಯ್ದುಕೊಳ್ಳುವ ಮಗು ಅದನ್ನು ಓದುವುದೆಲ್ಲಿ? ಹೀಗಾಗಿ ಮನೆಯ ಹಿರಿಯರಿಗೆ ವಿಷಯ ಒಂದಿಷ್ಟು ತಿಳಿದಿರುವುದು ಒಳಿತು.

1859ರಲ್ಲಿ ಚಾರ್ಲ್ಸ್ ಡಾರ್ವಿನ್ ತನ್ನ ಪ್ರಸಿದ್ಧ ಗ್ರಂಥವನ್ನು ಪ್ರಕಟಿಸಿದಾಗ ತಿಮಿಂಗಿಲದ ವಿಷಯದಲ್ಲಿ ಆತನ ಕೈಯಲ್ಲಿ ಹೆಚ್ಚೇನೂ ಇರಲಿಲ್ಲ. ಬಾಯಿ ತೆರೆದು ಈಜುತ್ತ ನೀರಿನ ಕೀಟಗಳನ್ನು ಹಿಡಿಯುವ ಕರಡಿಯ ಉದಾಹರಣೆ ಕೊಟ್ಟು, ಅಂಥ ಪ್ರಾಣಿಯೊಂದರಿಂದ ತಿಮಿಂಗಿಲದಂಥ ಜೀವಿ ಬರಲು ಅಡ್ಡಿಯೇನೂ ಕಾಣದೆಂದು ಆತ ಬರೆದ. ಜನರು ನಕ್ಕರು. ಮುಂದಿನ ಆವೃತ್ತಿಗಳಲ್ಲಿ ಆತ ಆ ಮಾತನ್ನು ಮೊಟಕುಗೊಳಿಸಿದ. ನಡುವಿನ ಹಂತದ ಪ್ರಾಣಿಗಳು ಎಲ್ಲಿ, ತೋರಿಸಿರಿ ಎಂಬ ಸವಾಲು ಅಂದಿನಿಂದ ನೂರಿಪ್ಪತ್ತು ವರ್ಷಗಳ ಕಾಲ ಹಾಗೆಯೇ ಉಳಿಯಿತು. ಸವಾಲು ನ್ಯಾಯವಾದುದೇ ಆಗಿತ್ತೆಂದು ಒಪ್ಪಬೇಕು. ತಿಮಿಂಗಿಲದ ಪೂರ್ವಜರು ನೆಲದ ಮೇಲೆ ನಡೆದಿದ್ದು ನಿಜವಾದರೆ ಕಾಲುಳ್ಳ ತಿಮಿಂಗಿಲಗಳ ಎಲುಬುಗಳು ಎಲ್ಲಿಯಾದರೂ, ಅದೂ ಸರಿಯಾದ ವಯಸ್ಸಿನ ಬಂಡೆಗಳಲ್ಲಿಯೇ, ಸಿಗಬೇಕು.

ಬಂಡೆಗಳ ವಯಸ್ಸಿನ ಮಾತು ಬಂದುದರಿಂದ ಇಲ್ಲಿ ಒಬ್ಬ ಧರ್ಮಾಧ್ಯಕ್ಷರನ್ನು ನೆನೆಯಬೇಕು. ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ 1638ರಲ್ಲಿ ಹುಟ್ಟಿದ ನಿಕೋಲಸ್ ಸ್ಟೆನೊ ಮೊದಲು ವೈದ್ಯರು, ಅಂಗರಚನಾ ಶಾಸ್ತ್ರಜ್ಞರು. ಬೆಟ್ಟದ ಕಲ್ಲುಗಳಲ್ಲಿ ಸಿಗುತ್ತಿದ್ದ, ಜನರು 'ನಾಲಿಗೆಕಲ್ಲು' ಎಂದು ಕರೆಯುತ್ತಿದ್ದ ವಸ್ತುಗಳು ಹಿಂದೊಮ್ಮೆ ಬದುಕಿದ್ದ ತಾಟೆ ಮೀನುಗಳ, ಎಂದರೆ ಶಾರ್ಕ್‌ಗಳ, ಹಲ್ಲುಗಳೆಂದು ಅವರು ತೋರಿಸಿದರು. ಒಂದರ ಮೇಲೊಂದು ಹಾಸಿದ ಬಂಡೆಯ ಪದರಗಳಲ್ಲಿ ಕೆಳಗಿನದು ಹಳೆಯದು, ಮೇಲಿನದು ಹೊಸದು ಎಂಬ ನಿಯಮವನ್ನು 1669ರಲ್ಲಿ ಪ್ರಕಟಿಸಿದರು. ಇಂದು ಸರಳವಾಗಿ ತೋರುವ ಈ ಮಾತೇ ಭೂವಿಜ್ಞಾನದ ಅಡಿಗಲ್ಲು. ಲೂಥರನ್ ಕುಟುಂಬದವರಾಗಿದ್ದ ಅವರು 1667ರಲ್ಲಿ ಕಥೋಲಿಕ ಧರ್ಮಸಭೆಗೆ ಬಂದರು. ಗುರುದೀಕ್ಷೆ ಪಡೆದು 1677ರಲ್ಲಿ ಧರ್ಮಾಧ್ಯಕ್ಷರಾದರು. 1988ರಲ್ಲಿ ಜಗದ್ಗುರು ಎರಡನೆಯ ಜಾನ್ ಪೌಲರು ಅವರನ್ನು 'ಪುನೀತ' ಪದವಿಗೇರಿಸಿದರು. ಪಳೆಯುಳಿಕೆಗಳನ್ನು ದೇವರ ವಿರುದ್ಧದ ಸಾಕ್ಷಿಗಳೆಂದು ಹೆದರುವವರು ಸ್ಟೆನೊ ಅವರ ಜೀವನವನ್ನೊಮ್ಮೆ ಓದಬೇಕು. ಸ್ಟೆನೊ ಹೇಳಿದ್ದು ಪದರಗಳ ಅನುಕ್ರಮವನ್ನು. ವರ್ಷಗಳ ಲೆಕ್ಕ ಸಿಕ್ಕಿದ್ದು ಇಪ್ಪತ್ತನೆಯ ಶತಮಾನದಲ್ಲಿ: ವಿಕಿರಣಶೀಲ ಪೊಟ್ಯಾಸಿಯಂ ಅರ್ಧದಷ್ಟು ಕ್ಷಯಿಸಲು ಸುಮಾರು 125 ಕೋಟಿ ವರ್ಷ ಬೇಕು, ಜ್ವಾಲಾಮುಖಿಯ ಬೂದಿಪದರದಲ್ಲಿ ಅದು ಎಷ್ಟು ಕ್ಷಯಿಸಿದೆಯೆಂದು ಅಳೆದರೆ ಆ ಪದರದ ವಯಸ್ಸು ತಿಳಿಯುತ್ತದೆ. ಬೂದಿ ಸಿಗದ ಕಡೆ, ವಯಸ್ಸು ಗೊತ್ತಿರುವ ಪದರಗಳಲ್ಲಿನ ಸಮುದ್ರದ ಸೂಕ್ಷ್ಮಜೀವಿಗಳ ಚಿಪ್ಪುಗಳೊಂದಿಗೆ ಹೋಲಿಸಿ ನೋಡುತ್ತಾರೆ.

ಈಗ ನಮ್ಮ ತಿಮಿಂಗಿಲಕ್ಕೆ ಮರಳೋಣ. ಸುಮಾರು 5 ಕೋಟಿ ವರ್ಷಗಳ ಹಿಂದೆ ಹಿಮಾಲಯ ಇರಲಿಲ್ಲ. ಭಾರತದ ಭೂಖಂಡ ಏಷ್ಯಾಕ್ಕೆ ಬಂದು ತಾಗುತ್ತಿದ್ದ ಕಾಲವದು. ಎರಡರ ನಡುವೆ ಟೆಥಿಸ್ ಎಂದು ವಿಜ್ಞಾನಿಗಳು ಹೆಸರಿಟ್ಟಿರುವ ಸಮುದ್ರ ಕಿರಿದಾಗುತ್ತ, ಆಳ ಕಡಿಮೆಯಾಗುತ್ತ ಇತ್ತು. ಬೆಚ್ಚನೆಯ ಆ ಸಮುದ್ರದ ಅಂಚಿನ ಹೊಳೆ, ಅಳಿವೆ, ಕೆಸರುನೆಲಗಳು ಇಂದಿನ ಕಾಶ್ಮೀರ, ಪಾಕಿಸ್ತಾನ ಮತ್ತು ಕಚ್ಛ್ ಪ್ರದೇಶಗಳಲ್ಲಿ ಕಲ್ಲಾಗಿ ಉಳಿದಿವೆ.

1981ರಲ್ಲಿ ಅಮೆರಿಕದ ಫಿಲಿಪ್ ಜಿಂಜರಿಚ್ ಮತ್ತು ಡೊನಾಲ್ಡ್ ರಸೆಲ್ ಪಾಕಿಸ್ತಾನದಲ್ಲಿ ದೊರೆತ ತಲೆಬುರುಡೆಯೊಂದರ ಭಾಗಗಳನ್ನು ವರ್ಣಿಸಿ ಅದಕ್ಕೆ 'ಪಾಕಿಸೀಟಸ್' ಎಂದು ಹೆಸರಿಟ್ಟರು. ತೋಳದಷ್ಟು ಗಾತ್ರದ ಪ್ರಾಣಿ. ನಾಲ್ಕು ಕಾಲುಗಳು, ಮೂತಿಯ ತುದಿಯಲ್ಲಿ ಮೂಗಿನ ಹೊಳ್ಳೆ. ನೋಡಿದ ಯಾರೂ ಅದನ್ನು ತಿಮಿಂಗಿಲವೆನ್ನಲಾರರು. ಆದರೆ ಅದರ ಕಿವಿಯ ಎಲುಬಿನ ಒಳಅಂಚು ವಿಚಿತ್ರವಾಗಿ ದಪ್ಪಗಿತ್ತು. ಹಾಗೆ ದಪ್ಪಗಿರುವುದು ತಿಮಿಂಗಿಲ ಕುಲದ ಗುರುತು. ಇಂದಿನ ಡಾಲ್ಫಿನ್ನಿನಲ್ಲಿಯೂ ಅದು ಇದೆ. ಅದರ ಹಲ್ಲುಗಳಲ್ಲಿನ ಆಮ್ಲಜನಕದ ಬಗೆಗಳನ್ನು ಅಳೆದು, ಅದು ಕುಡಿಯುತ್ತಿದ್ದುದು ಸಿಹಿನೀರೆಂದು ಕಂಡುಕೊಂಡರು. ಅಂದರೆ ಹೊಳೆಯ ದಡದ ಪ್ರಾಣಿ.

1994ರಲ್ಲಿ ಹಾನ್ಸ್ ತೇವಿಸ್ಸೆನ್ ಮತ್ತು ಪಾಕಿಸ್ತಾನದ ಸಂಗಡಿಗರು 'ಆಂಬ್ಯುಲೋಸೀಟಸ್' ಎಂಬ ಇನ್ನೊಂದು ಪ್ರಾಣಿಯನ್ನು ಲೋಕದ ಮುಂದಿಟ್ಟರು. ಆ ಹೆಸರಿನ ಅರ್ಥವೇ 'ನಡೆಯುವ ತಿಮಿಂಗಿಲ'. ಸುಮಾರು ಮೂರು ಮೀಟರ್ ಉದ್ದ, ಮೊಸಳೆಯಂಥ ಮೂತಿ, ಗಿಡ್ಡ ಕಾಲುಗಳು, ದೋಣಿಯ ಹುಟ್ಟಿನಂಥ ದೊಡ್ಡ ಹಿಂಬದಿಯ ಪಾದಗಳು. ನೆಲದ ಮೇಲೆ ತೆವಳುತ್ತ ನಡೆಯುತ್ತಿತ್ತು, ನೀರಿನಲ್ಲಿ ನೀರುನಾಯಿಯಂತೆ ಬೆನ್ನು ಬಾಗಿಸಿ ಈಜುತ್ತಿತ್ತು. ಅದಕ್ಕಿಂತ ತುಸು ಈಚಿನ ಪದರಗಳಲ್ಲಿ 'ರೋಢೊಸೀಟಸ್' ಸಿಕ್ಕಿತು. ಅದು ಇನ್ನಷ್ಟು ನೀರಿನ ಪ್ರಾಣಿ.

ಗುಜರಾತಿನ ಕಚ್ಛ್‌ನ ಕಥೆ ಇದಕ್ಕೂ ಮೊದಲೇ ಆರಂಭವಾಗಿತ್ತು. ಅಶೋಕ್ ಸಾಹ್ನಿ ಮತ್ತು ವಿಜಯಪ್ರಕಾಶ ಮಿಶ್ರ ಎಂಬ ಭಾರತೀಯ ವಿಜ್ಞಾನಿಗಳು 1970ರ ದಶಕದಲ್ಲಿಯೇ ಅಲ್ಲಿನ ಹರೂಡಿಯ ಬಂಡೆಗಳಿಂದ ಪುರಾತನ ತಿಮಿಂಗಿಲಗಳನ್ನು ಹೊರತೆಗೆದು ವರ್ಣಿಸಿದ್ದರು. ಮುಂದೆ ಸುನಿಲ್ ಬಾಜಪೇಯಿ ಆ ಕೆಲಸವನ್ನು ಮುಂದುವರಿಸಿ, 2000ದಲ್ಲಿ ತೇವಿಸ್ಸೆನ್ ಅವರೊಂದಿಗೆ 'ಕಚ್ಛಿಸೀಟಸ್' ಎಂಬ ಚಿಕ್ಕ, ಉದ್ದ ಬಾಲದ ತಿಮಿಂಗಿಲವನ್ನು ಪರಿಚಯಿಸಿದರು. ಕಚ್ಛ್‌ನ ಈ ಪ್ರಾಣಿಗಳ ಕಿವಿಯೊಳಗಿನ, ದೇಹದ ಸಮತೋಲವನ್ನು ಕಾಯುವ ಅರ್ಧವೃತ್ತಾಕಾರದ ನಾಳಗಳು ಬಹಳ ಚಿಕ್ಕವು. ಇಂದಿನ ತಿಮಿಂಗಿಲಗಳಲ್ಲಿಯೂ ಹಾಗೆಯೇ. ನೆಲದ ಮೇಲೆ ನೆಗೆಯುವ ಪ್ರಾಣಿಗಳಲ್ಲಿ ಅವು ದೊಡ್ಡವು. ನಾಳಗಳು ಕುಗ್ಗಿದ ಮೇಲೆ ನೆಲಕ್ಕೆ ಮರಳುವ ದಾರಿ ಬಹುಮಟ್ಟಿಗೆ ಮುಚ್ಚಿದಂತೆಯೇ. ಕತ್ತು, ಕಾಲು, ಬಾಲಗಳು ಬದಲಾಗುವುದನ್ನು ಎಲ್ಲರೂ ನಿರೀಕ್ಷಿಸುತ್ತಾರೆ. ಕಿವಿಯೊಳಗಿನ ಇಷ್ಟು ಸಣ್ಣ ಸಂಗತಿಯೂ ಅದೇ ಕಥೆಯನ್ನು ಹೇಳುತ್ತದೆಂಬುದು ನನಗೆ ಹೆಚ್ಚು ಮನಗಾಣಿಸಿದ ಮಾತು.

ಈಜಿಪ್ಟಿನ ಮರಳುಗಾಡಿನಲ್ಲಿ 'ವಾದಿ ಅಲ್ ಹಿತಾನ್', ಎಂದರೆ ತಿಮಿಂಗಿಲಗಳ ಕಣಿವೆ, ಎಂಬ ಸ್ಥಳವಿದೆ. 2005ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು. ಅಲ್ಲಿ ನೂರಾರು ಅಸ್ಥಿಪಂಜರಗಳು ಮರಳಿನಲ್ಲಿ ಮಲಗಿವೆ. ಅವುಗಳಲ್ಲೊಂದು 'ಬೆಸಿಲೋಸಾರಸ್'; 50 ಅಡಿಗೂ ಮೀರಿದ, ಸುಮಾರು 3 ಕೋಟಿ 70 ಲಕ್ಷ ವರ್ಷಗಳ ಹಿಂದಿನ ಪೂರ್ಣ ಸಮುದ್ರಜೀವಿ. ಜಿಂಜರಿಚ್ ಮತ್ತು ಸಂಗಡಿಗರು 1990ರಲ್ಲಿ ಅದರ ಹಿಂಗಾಲುಗಳನ್ನು ಪ್ರಕಟಿಸಿದರು. ಅಷ್ಟು ದೊಡ್ಡ ದೇಹಕ್ಕೆ ಚಿಕ್ಕ ಮಗುವಿನ ಕಾಲಿನಷ್ಟು ಕಾಲುಗಳು! ಆದರೂ ತೊಡೆಮೂಳೆ, ಮೊಣಕಾಲಿನ ಚಿಪ್ಪು, ಪಾದ, ಬೆರಳು ಎಲ್ಲವೂ ಇವೆ. ಆ ಕಾಲುಗಳ ಮೇಲೆ ಅದು ನಿಲ್ಲುವ ಪ್ರಶ್ನೆಯೇ ಇಲ್ಲ.

ಆದರೆ ಈ ಸರಣಿಯ ಮೊದಲ ತುದಿಯಲ್ಲಿ ಯಾರಿದ್ದರು? ಇಲ್ಲಿ ವಿಜ್ಞಾನಿಗಳೊಳಗೇ ದೊಡ್ಡ ವಿವಾದವಿತ್ತು. ಅದು ಬಗೆಹರಿದ ರೀತಿಯನ್ನು ತಿಳಿಯುವುದು ಬಹಳ ಪ್ರಯೋಜನಕಾರಿ. ಹಲ್ಲುಗಳ ಹೋಲಿಕೆಯನ್ನು ನೋಡಿದ ಪಳೆಯುಳಿಕೆ ತಜ್ಞರು, ಅಳಿದುಹೋದ ಮೆಸೋನಿಕಿಡ್ ಎಂಬ ಮಾಂಸಾಹಾರಿ ಪ್ರಾಣಿಗಳಿಂದ ತಿಮಿಂಗಿಲಗಳು ಬಂದವೆಂದು 1960ರ ದಶಕದಿಂದ ಹೇಳುತ್ತಿದ್ದರು. ರಕ್ತವನ್ನು ಪರೀಕ್ಷಿಸಿದವರು ಬೇರೆಯೇ ಮಾತನ್ನಾಡುತ್ತಿದ್ದರು. 1950ರಲ್ಲಿಯೇ ಬಾಯ್ಡನ್ ಮತ್ತು ಜೆಮರಾಯ್ ಎಂಬವರು ತಿಮಿಂಗಿಲದ ರಕ್ತರಸವು ಸೀಳುಗೊರಸಿನ ಪ್ರಾಣಿಗಳ, ಎಂದರೆ ದನ, ಕುರಿ, ಹಂದಿ, ಜಿಂಕೆಗಳ ವರ್ಗಕ್ಕೆ ಹತ್ತಿರವೆಂದು ಕಂಡಿದ್ದರು. 1990ರ ದಶಕದಲ್ಲಿ ಜಪಾನಿನ ನೊರಿಹಿರೊ ಒಕಾಡ ಅವರ ತಂಡ ಡಿಎನ್‌ಎಯನ್ನು ಓದಿ, ತಿಮಿಂಗಿಲದ ಅತ್ಯಂತ ಸಮೀಪದ ಜೀವಂತ ಬಂಧು ನೀರಾನೆ ಎಂದಿತು. ಅವರ ವಿಧಾನವನ್ನು ನಮ್ಮದೇ ಉದಾಹರಣೆಯಿಂದ ತಿಳಿಯಬಹುದು. ಎರಡು ಧರ್ಮಕೇಂದ್ರಗಳಲ್ಲಿರುವ ಜ್ಞಾನಸ್ನಾನದ ದಾಖಲೆಯ ಎರಡು ಪ್ರತಿಗಳಲ್ಲಿ, ಅದೇ ಪುಟದ ಅದೇ ಸಾಲಿನಲ್ಲಿ, ಅದೇ ಅಕ್ಷರದೋಷವಿದ್ದರೆ ನಾವು ಏನೆನ್ನುತ್ತೇವೆ? ಎರಡೂ ಒಂದೇ ಮೂಲದಿಂದ ನಕಲಾದವು ಎನ್ನುತ್ತೇವೆ. ಡಿಎನ್‌ಎಯಲ್ಲಿಯೂ ಹೀಗೆ ಆಗೊಮ್ಮೆ ಈಗೊಮ್ಮೆ ಒಂದು ತುಣುಕು ಎಲ್ಲಿಯೋ ಬಂದು ಸೇರಿಕೊಳ್ಳುತ್ತದೆ. ಹಾಗೆ ಸೇರಿದ ತುಣುಕುಗಳು ತಿಮಿಂಗಿಲ ಮತ್ತು ನೀರಾನೆಗಳಲ್ಲಿ ಅದೇ ಸ್ಥಳಗಳಲ್ಲಿವೆ.

ಎಲುಬಿನವರು ಸುಲಭವಾಗಿ ಒಪ್ಪಲಿಲ್ಲ. ಸೀಳುಗೊರಸಿನ ಪ್ರಾಣಿಗಳಿಗೆ ಒಂದು ಅಚ್ಚಳಿಯದ ಗುರುತಿದೆ. ಅವುಗಳ ಹಿಂಗಾಲಿನ ಹರಡಿನ ಮೂಳೆಯ ಮೇಲ್ತುದಿ ಬಾವಿಯ ರಾಟೆಯಂತಿದೆ, ಕೆಳತುದಿಯೂ ರಾಟೆಯಂತಿದೆ. ಜೋಡಿ ರಾಟೆಯ ಈ ಮೂಳೆ ಬೇರಾವ ವರ್ಗದಲ್ಲಿಯೂ ಇಲ್ಲ. ಪುರಾತನ ತಿಮಿಂಗಿಲದಲ್ಲಿ ಅದು ಇದ್ದರೆ ಡಿಎನ್‌ಎಯವರು ಸರಿ, ಇಲ್ಲದಿದ್ದರೆ ತಪ್ಪು. ಬಲೂಚಿಸ್ತಾನದಲ್ಲಿ ಜಿಂಜರಿಚ್ ತಂಡಕ್ಕೆ ಆ ಮೂಳೆ ಸಿಕ್ಕಿತು, ಜೋಡಿ ರಾಟೆಯ ಸಹಿತ. ಅದೇ ಹೊತ್ತಿಗೆ ತೇವಿಸ್ಸೆನ್ ತಂಡವೂ ಪಾಕಿಸೀಟಸ್‌ನ ಕಾಲುಗಳಲ್ಲಿ ಅದನ್ನೇ ಕಂಡಿತು. ಎರಡೂ ವರದಿಗಳು 2001ರ ಸೆಪ್ಟೆಂಬರ್ ತಿಂಗಳಲ್ಲಿ ಪ್ರಕಟವಾದವು. ಅದುವರೆಗೆ ಮೆಸೋನಿಕಿಡ್ ಪಕ್ಷದಲ್ಲಿದ್ದ ಜಿಂಜರಿಚ್ ತಮ್ಮ ಅಭಿಪ್ರಾಯವನ್ನು ಬದಲಿಸಿಕೊಂಡರು. 'ವಿಕಾಸವಾದ ಕೇವಲ ಊಹೆ' ಎನ್ನುವವರಿಗೆ ನಾನು ಈ ಪ್ರಸಂಗವನ್ನೇ ಹೇಳುವುದುಂಟು. ಊಹೆಗೆ ಇಂಥ ಪರೀಕ್ಷೆಯಿಲ್ಲ.

ಉಳಿದ ಕೊಂಡಿ ದೊರೆತದ್ದು ನಮ್ಮ ದೇಶದ್ದೇ ಕಲ್ಲುಗಳಲ್ಲಿ. ಜಮ್ಮುವಿನ ಕಾಲಾಕೋಟ್ ಬಳಿ ಭೂವಿಜ್ಞಾನಿ ಎ. ರಂಗರಾವ್ ಅವರು ಪಳೆಯುಳಿಕೆಗಳನ್ನು ಸಂಗ್ರಹಿಸಿ, ಗೊರಸುಳ್ಳ ಒಂದು ಚಿಕ್ಕ ಪ್ರಾಣಿಗೆ 1971ರಲ್ಲಿ 'ಇಂಡೋಹ್ಯೂಸ್' ಎಂದು ಹೆಸರಿಟ್ಟಿದ್ದರು. ಹೆಚ್ಚಿನ ಕಲ್ಲುಗಳನ್ನು ಒಡೆದು ನೋಡಲಾಗದೆಯೇ ಅವರು ತೀರಿಕೊಂಡರು. ಅವರ ಪತ್ನಿ ಆ ಕಲ್ಲುಗಳನ್ನು ಜೋಪಾನವಾಗಿ ಇಟ್ಟುಕೊಂಡಿದ್ದು, ಮುಂದೆ ತೇವಿಸ್ಸೆನ್ ಅವರಿಗೆ ಒಪ್ಪಿಸಿದರು. ಪ್ರಯೋಗಾಲಯದಲ್ಲಿ ಬುರುಡೆಯೊಂದನ್ನು ಬಿಡಿಸುವಾಗ ಕಿವಿಯ ಎಲುಬು ಆಕಸ್ಮಿಕವಾಗಿ ಮುರಿಯಿತು. ಮುರಿದ ಅಂಚಿನಲ್ಲಿ ಕಂಡದ್ದು ತಿಮಿಂಗಿಲ ಕುಲದ ಅದೇ ದಪ್ಪ ಗೋಡೆ! ಬಾಜಪೇಯಿ ಮತ್ತಿತರರೊಡನೆ ಅವರು ಬರೆದ ಲೇಖನ 2007ರ ಡಿಸೆಂಬರ್‌ನಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದಿತು. ಬೆಕ್ಕಿನ ಗಾತ್ರಕ್ಕಿಂತ ಹೆಚ್ಚು ದೊಡ್ಡದಲ್ಲದ, ಸಣ್ಣ ಗೊರಸುಗಳ ಪ್ರಾಣಿ. ಕಾಲಿನ ಎಲುಬುಗಳು ಮಾತ್ರ ನೀರಿನಲ್ಲಿ ಮುಳುಗಿ ನಡೆಯುವವುಗಳಂತೆ ಗಟ್ಟಿ, ಭಾರ. ನಮ್ಮ ಪಶ್ಚಿಮ ಘಟ್ಟದ ಕಾಡಿನ ಬರ್ಕವನ್ನು ಕಂಡವರು ಇದರ ಆಕಾರವನ್ನು ಸುಲಭವಾಗಿ ಊಹಿಸಿಕೊಳ್ಳಬಹುದು. ಬರ್ಕದ ಆಫ್ರಿಕಾದ ಬಂಧುವೊಂದು ಹದ್ದು ಎರಗಿದಾಗ ನೀರಿಗೆ ಹಾರಿ ಅಡಗಿಕೊಳ್ಳುತ್ತದೆ. ತಿಮಿಂಗಿಲಗಳ ನೀರಿನ ಬಾಳು ಹೀಗೆ ಪ್ರಾಣಭಯದಿಂದ ಆರಂಭವಾಗಿರಬಹುದೆಂಬುದು ತೇವಿಸ್ಸೆನ್ ಅವರ ವಿಚಾರ. ಇಂಡೋಹ್ಯೂಸ್ ತಿಮಿಂಗಿಲದ ನೇರ ಅಜ್ಜನಲ್ಲ. ಅದು ಸುಮಾರು 4 ಕೋಟಿ 80 ಲಕ್ಷ ವರ್ಷಗಳ ಹಿಂದಿನದು, ಆಗಲೇ ಪಾಕಿಸೀಟಸ್ ಇತ್ತು. ಅಜ್ಜನ ತಮ್ಮನ ಮನೆತನ ಎಂದರೆ ಸರಿಯಾದೀತು.

ಸತ್ತ ಎಲುಬುಗಳ ಮಾತು ಸಾಕು ಎನ್ನುವವರಿಗೆ ಜೀವಂತ ಸಾಕ್ಷಿಗಳೂ ಇವೆ. ತಾಯಿಯ ಗರ್ಭದಲ್ಲಿ ಡಾಲ್ಫಿನ್ನಿನ ಭ್ರೂಣಕ್ಕೆ ಮೊದಲ ವಾರಗಳಲ್ಲಿ ಹಿಂಗಾಲಿನ ಮೊಗ್ಗುಗಳು ಮೂಡುತ್ತವೆ, ಅನಂತರ ಕರಗಿಹೋಗುತ್ತವೆ. ಹಲ್ಲಿಲ್ಲದ ಜಾತಿಯ ತಿಮಿಂಗಿಲಗಳ ಭ್ರೂಣಗಳಲ್ಲಿ ಹಲ್ಲಿನ ಮೊಳಕೆಗಳು ಹುಟ್ಟಿ ಮಾಯವಾಗುತ್ತವೆ. ಹಲ್ಲಿನ ಹೊಳಪನ್ನು ಕಟ್ಟುವ ಜೀನುಗಳು ಅವುಗಳ ಡಿಎನ್‌ಎಯಲ್ಲಿ ಕೆಟ್ಟ ಸ್ಥಿತಿಯಲ್ಲಿ ಈಗಲೂ ಉಳಿದಿವೆ. 1919ರಲ್ಲಿ ಕೆನಡದ ವ್ಯಾಂಕೂವರ್ ದ್ವೀಪದ ಬಳಿ ಹಿಡಿದ ತಿಮಿಂಗಿಲವೊಂದಕ್ಕೆ ನಾಲ್ಕು ಅಡಿಗೂ ಉದ್ದದ ಎರಡು ಹಿಂಗಾಲುಗಳು ಹೊರಚಾಚಿದ್ದವು. 2006ರಲ್ಲಿ ಜಪಾನಿನ ತಾಯ್ಜಿಯಲ್ಲಿ ಒಂದು ಜೋಡಿ ಹೆಚ್ಚಿನ ಈಜುರೆಕ್ಕೆಗಳಿದ್ದ ಡಾಲ್ಫಿನ್ ಸಿಕ್ಕಿತು. ಇಂದಿನ ತಿಮಿಂಗಿಲಗಳ ಮಾಂಸದೊಳಗೆ ಹುದುಗಿರುವ ಸೊಂಟದ ಪುಟ್ಟ ಎಲುಬುಗಳು ನಿರುಪಯೋಗಿಯೆಂದು ಹಿಂದೆ ಬರೆಯುತ್ತಿದ್ದರು. ಅದು ಪೂರ್ತಿ ನಿಜವಲ್ಲ. ಸಂತಾನೋತ್ಪತ್ತಿಯ ಸ್ನಾಯುಗಳಿಗೆ ಅವು ಆಧಾರ. ಆದರೆ ಆ ಕೆಲಸಕ್ಕೆ ಸೊಂಟದ ಎಲುಬೇ ಏಕೆ ಬೇಕಾಯಿತು ಎಂಬುದಕ್ಕೆ ಹಿಂದಿನ ಕಥೆಯೇ ಉತ್ತರ.

ಇನ್ನು ವಿಶ್ವಾಸದ ಮಾತು. ಆದಿಕಾಂಡವು ಜೀವಶಾಸ್ತ್ರದ ಪಠ್ಯಪುಸ್ತಕವೆಂದು ಧರ್ಮಸಭೆ ಬೋಧಿಸುವುದಿಲ್ಲ. ಪ್ರಕೃತಿಯ ವಿಷಯದಲ್ಲಿ ಅವಿಶ್ವಾಸಿಗಳಿಗೂ ಚೆನ್ನಾಗಿ ತಿಳಿದಿರುವ ಸಂಗತಿಗಳನ್ನು ಕ್ರೈಸ್ತರು ಪವಿತ್ರ ಗ್ರಂಥದ ಹೆಸರಿನಲ್ಲಿ ತಪ್ಪಾಗಿ ಹೇಳಿ ನಗೆಗೀಡಾಗಬಾರದೆಂದು ಸಂತ ಆಗಸ್ಟೀನರು ಹದಿನಾರು ಶತಮಾನಗಳ ಹಿಂದೆಯೇ ಆದಿಕಾಂಡದ ವ್ಯಾಖ್ಯಾನದಲ್ಲಿ ಎಚ್ಚರಿಸಿದ್ದಾರೆ. ಜಗದ್ಗುರು ಹನ್ನೆರಡನೆಯ ಪಿಯುಸರು 1950ರ 'ಹ್ಯುಮಾನಿ ಜೆನೆರಿಸ್' ವಿಶ್ವಪತ್ರದಲ್ಲಿ ಮಾನವ ಶರೀರದ ಉಗಮದ ಕುರಿತು ತಜ್ಞರು ಸಂಶೋಧಿಸಿ ಚರ್ಚಿಸುವುದನ್ನು ನಿಷೇಧಿಸಲಿಲ್ಲ. ಆತ್ಮವು ದೇವರಿಂದಲೇ ನೇರವಾಗಿ ಸೃಷ್ಟಿಯಾಗುವುದೆಂಬ ಬೋಧನೆಯನ್ನು ಮಾತ್ರ ಕಾಯ್ದುಕೊಂಡರು. 1996ರ ಅಕ್ಟೋಬರ್ 22ರಂದು ಎರಡನೆಯ ಜಾನ್ ಪೌಲರು ಪೊಂಟಿಫಿಕಲ್ ವಿಜ್ಞಾನ ಅಕಾಡೆಮಿಗೆ ಕಳುಹಿಸಿದ ಸಂದೇಶದಲ್ಲಿ, ಹೊಸ ಜ್ಞಾನದ ಬೆಳಕಿನಲ್ಲಿ ವಿಕಾಸ ಸಿದ್ಧಾಂತವನ್ನು ಬರಿಯ ಊಹೆಗಿಂತ ಮಿಗಿಲಾದುದೆಂದು ಮನ್ನಿಸಬೇಕಾಗಿದೆ ಎಂದರು. ಜಗದ್ಗುರು ಫ್ರಾನ್ಸಿಸರು 2014ರಲ್ಲಿ ಅದೇ ಅಕಾಡೆಮಿಯ ಮುಂದೆ ಮಾತನಾಡುತ್ತ, ದೇವರನ್ನು ಮಂತ್ರದಂಡದ ಮಾಂತ್ರಿಕನಂತೆ ಭಾವಿಸುವುದು ಸಲ್ಲದೆಂದೂ, ವಿಕಾಸವು ಸೃಷ್ಟಿಯ ಕಲ್ಪನೆಗೆ ವಿರುದ್ಧವಲ್ಲವೆಂದೂ ಹೇಳಿದರು. ಜೀವಿಗಳ ಗುಣಗಳು ತಲೆಮಾರಿನಿಂದ ತಲೆಮಾರಿಗೆ ಸಾಗುವ ನಿಯಮಗಳನ್ನು ಬಟಾಣಿ ಗಿಡಗಳಲ್ಲಿ ಕಂಡು 1866ರಲ್ಲಿ ಪ್ರಕಟಿಸಿದ ಗ್ರೆಗರ್ ಮೆಂಡೆಲ್ ಆಗಸ್ಟೀನಿಯನ್ ಮಠದ ಗುರುಗಳೆಂಬುದನ್ನೂ ಮಕ್ಕಳಿಗೆ ತಿಳಿಸಬೇಕು. ಆತ್ಮವನ್ನು ಎಲುಬುಗಳಲ್ಲಿ ಹುಡುಕಲಾಗದು, ಎಲುಬುಗಳ ವಯಸ್ಸನ್ನು ಧರ್ಮೋಪದೇಶದ ಪುಸ್ತಕದಲ್ಲಿ ಹುಡುಕಲಾಗದು ಎಂದು ತಂದೆತಾಯಿಯರು ಧೈರ್ಯವಾಗಿ ಹೇಳಬಹುದು.

ಮಕ್ಕಳಿಗೆ ಏನನ್ನಾದರೂ ಕಣ್ಣಾರೆ ತೋರಿಸಬೇಕೆಂದಿದ್ದರೆ ಈಜಿಪ್ಟಿಗೂ ಕಚ್ಛ್‌ಗೂ ಹೋಗಬೇಕಾಗಿಲ್ಲ. ಹಬ್ಬಕ್ಕೋ, ಜ್ವರ ಬಿಟ್ಟವರಿಗೆ ಸೂಪ್ ಮಾಡಲೋ ಆಡಿನ ಕಾಲು ತರಿಸುವಾಗ, ಒಂದು ಹಿಂಗಾಲನ್ನು ಕೀಲಿನ ಬಳಿ ಕಡಿಯದೆ ಇಡಿಯಾಗಿ ಕೊಡುವಂತೆ ಮಾಂಸದ ಅಂಗಡಿಯವನಿಗೆ ಹೇಳಿರಿ. ಗೊರಸಿನಿಂದ ಮೇಲಕ್ಕೆ ಬಂದರೆ ಹಿಂದಕ್ಕೆ ಬಾಗಿದ ಒಂದು ಕೀಲು ಸಿಗುತ್ತದೆ. ಚೆನ್ನಾಗಿ ಬೆಂದ ಮೇಲೆ ಆ ಕೀಲನ್ನು ಬಿಡಿಸಿದರೆ ಹೆಬ್ಬೆರಳಿನ ತುದಿಯಷ್ಟು ದೊಡ್ಡ ಮೂಳೆಯೊಂದು ಹೊರಬರುತ್ತದೆ. ಹಿಂದಿನ ಕಾಲದಲ್ಲಿ ಹಲವು ದೇಶಗಳ ಜನ ಇದನ್ನು ದಾಳವಾಗಿ ಉರುಳಿಸಿ ಆಡುತ್ತಿದ್ದರು. ತೊಳೆದು ಒಣಗಿಸಿ, ಮೇಲೊಂದು ಕೆಳಗೊಂದು ಇರುವ ಆ ಎರಡು ರಾಟೆಗಳ ಮೇಲೆ ಮಗುವಿನ ಬೆರಳಾಡಿಸಿರಿ. ಬಲೂಚಿಸ್ತಾನದ ಬಂಡೆಯಲ್ಲಿ ತಿಮಿಂಗಿಲದ ಕಾಲಿನಲ್ಲಿ ಸಿಕ್ಕಿದ್ದೂ ಇದೇ ಆಕಾರದ ಮೂಳೆ.